ಬಳ್ಳಾರಿಯ ಬಿಸಿಲಿನಿಂದ ಬೆಂಗಳೂರಿನ ಪೇಟೆಗೆ

ಬೆಂಗಳೂರಿಗೆ ಹೋಗಿಬಂದವರನ್ನು ಏನೇನು ನೋಡಿದಿರೆಂದು ಕೇಳುವ ವಾಡಿಕೆ ನಮ್ಮ ಜನರಲ್ಲಿ ಉಂಟಷ್ಟೆ. ಲಾಲ್‌ಬಾಗಿನ ಗಾಜಿನ ಮನೆ, ಬಸವನಗುಡಿಯ ದೊಡ್ಡ ಬಸವಣ್ಣ, ಗವಿಗಂಗಾಧರೇಶ್ವರನ ಗುಡಿ, ವಿಧಾನಸೌಧ ಎಂಬಿವು ಎಲ್ಲರ ಬಾಯಲ್ಲಿಯೂ ಬರುವ ಉತ್ತರಗಳು. ಸಾದರ ಪತ್ರಪ್ಪ ರಸ್ತೆಯನ್ನು ನೋಡಿ ಬಂದೆನೆಂದು ಹೇಳಿದವರನ್ನು ನಾನಂತೂ ಕಂಡಿಲ್ಲ. ಹೋಗುವವರು ಸಾವಿರಾರು ಮಂದಿ. ಆದರೆ ಅವರೆಲ್ಲರೂ ಏನನ್ನಾದರೂ ಕೊಳ್ಳಲು ಹೋಗತಕ್ಕವರೇ ಹೊರತು ನೋಡಲು ಹೋಗತಕ್ಕವರಲ್ಲ. ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಆ ಬೀದಿಗೆ ಏಕೆ ಎಡೆಯಿರಬೇಕೆಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿರುವೆನು. ಮನೆಯಲ್ಲಿ ಒಂದು ಕಂಪ್ಯೂಟರನ್ನು ಇಟ್ಟುಕೊಂಡು, ಅದು ಬೇಸಗೆಯಲ್ಲಿ ಮೊರಾಯಿಸುವುದನ್ನು ಕಂಡು ಬೇಸತ್ತಿರುವ ಗೃಹಸ್ಥರಿಗೆ ಇದರಿಂದ ಸ್ವಲ್ಪ ಪ್ರಯೋಜನವೂ ಆಗಬಹುದು.

ನಾವು ಅಲ್ಲಿಗೆ ಹೋದ ಕಾರಣವನ್ನು ಮೊದಲು ಹೇಳುವುದು ಯುಕ್ತ. ನನ್ನ ತಂಗಿಯ ಮಗಳು ಬಳ್ಳಾರಿಯಲ್ಲಿ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಮದುವೆ ಮುಂಜಿಗಳ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಬಣ್ಣವನ್ನೂ ಧ್ವನಿಯನ್ನೂ ಹದಗೊಳಿಸುವ ವಿದ್ಯೆಯನ್ನು ಕಲಿತು, ಊರಿನ ಒಂದು ಸ್ಟುಡಿಯೋದವರಿಗೆ ಮನೆಯಲ್ಲಿಯೇ ಕುಳಿತು ಆ ಕೆಲಸ ಮಾಡಿಕೊಡುತ್ತಿದ್ದಳು. ಕಾಲೇಜಿನ ಶುಲ್ಕ ಆ ಸಂಪಾದನೆಯಿಂದಲೇ ಸಲ್ಲುತ್ತಿತ್ತು. ಕೆಲಸಕ್ಕೆ ಬೇಕಾದ ಯಂತ್ರವನ್ನು ಸಿದ್ಧರೂಪದಲ್ಲಿ ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. ಆದಕಾರಣ ಅವಳು ಪ್ರೊಸೆಸರನ್ನು ಒಂದು ಕಡೆ, ಮದರ್‌ಬೋರ್ಡನ್ನು ಇನ್ನೊಂದು ಕಡೆ, ಹಳೆಯದೊಂದು ಗ್ರಾಫಿಕ್ಸ್ ಕಾರ್ಡನ್ನು ಪರಿಚಿತರ ಕಡೆ ಕೊಂಡು, ತನ್ನ ಕೈಯಿಂದಲೇ ಎಲ್ಲವನ್ನೂ ಒಂದು ಕ್ಯಾಬಿನೆಟ್ಟಿನಲ್ಲಿ ಜೋಡಿಸಿದ್ದಳು. ಎರಡು ವರ್ಷ ಅದು ನಿರ್ವಿಘ್ನವಾಗಿ ನಡೆಯಿತು. ಈ ಮಧ್ಯೆ ಮನೆಗೆ ಬಂಧುಗಳು ಬಂದುದರಿಂದ ಯಂತ್ರವು ಕೆಳಗಿನ ಕೋಣೆಯಿಂದ ಮಾಳಿಗೆಯ ಮೇಲಿನ ತಗಡಿನ ಕೋಣೆಗೆ ಹೋಯಿತು. 2025ರ ಮಾರ್ಚ್ ತಿಂಗಳ ಕೊನೆಯಿಂದ ಉಪದ್ರವ ಮೊದಲಾಯಿತು.

ಉಪದ್ರವದ ಸ್ವರೂಪ ಹೀಗೆ. ಕಾಗದಪತ್ರ ಬರೆಯುವುದು, ಪಾಠ ಓದುವುದು ಮೊದಲಾದ ಹಗುರವಾದ ಕೆಲಸಗಳಲ್ಲಿ ಯಂತ್ರವು ಸುಮ್ಮನಿರುವುದು. ಜೋಡಿಸಿದ ವಿಡಿಯೋವನ್ನು ಕೊನೆಯ ರೂಪಕ್ಕೆ ತರಬೇಕಾದರೆ ಒಂದು ಗಂಟೆಗೂ ಮಿಕ್ಕಿ ಯಂತ್ರವು ಎಡೆಬಿಡದೆ ದುಡಿಯಬೇಕು. ಆಗ ಇಪ್ಪತ್ತು ಇಪ್ಪತ್ತೈದು ನಿಮಿಷ ಕಳೆಯುವಷ್ಟರಲ್ಲಿ ಪರದೆ ಕಪ್ಪಾಗಿ, ಮರುಕ್ಷಣವೇ ಯಂತ್ರವು ಹೊಸದಾಗಿ ಹುಟ್ಟಿಬಂದಂತೆ ಮೊದಲಿನಿಂದ ಪ್ರಾರಂಭವಾಗುವುದು. ಮಾಡಿದ ಕೆಲಸವೆಲ್ಲ ವ್ಯರ್ಥ. ಒಂದು ಮದುವೆಯ ವಿಡಿಯೋ ಹತ್ತು ದಿನ ತಡವಾಯಿತು. ಇನ್ನೊಮ್ಮೆ ಹೀಗಾದರೆ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುವುದೆಂದು ಸ್ಟುಡಿಯೋದವರು ಹೇಳಿಕಳುಹಿಸಿದರು. ಶುಲ್ಕ ಕಟ್ಟುವ ಗಡುವು ಏಪ್ರಿಲ್ ತಿಂಗಳ ಕೊನೆಗೆ. ಊರಿನ ಒಬ್ಬ ರಿಪೇರಿಯವರು ಯಂತ್ರದ ಮುಚ್ಚಳವನ್ನೂ ತೆಗೆಯದೆ, ಮದರ್‌ಬೋರ್ಡು ಹೋಗಿದೆ, 9,000 ರೂಪಾಯಿ ಆಗುತ್ತದೆಂದು ತೀರ್ಪು ಕೊಟ್ಟರು. ಭಾವನವರಿಗೆ ತಾಳ್ಮೆ ಮುಗಿಯಿತು. "ಹುಡುಗರ ಕೈಯಾಗ ಕಟ್ಟಿದ್ದು ಎಷ್ಟು ದಿನ ಬಾಳ್ತದ? ತೂಕಕ್ಕ ಹಾಕಿಬಿಡ್ರಿ" ಎಂದರು. ಹುಡುಗಿ ಮಾತಾಡಲಿಲ್ಲ. ಅಂದು ರಾತ್ರಿ ಊಟಕ್ಕೂ ಕೆಳಗಿಳಿದು ಬರಲಿಲ್ಲ.

ಬಳ್ಳಾರಿಯ ಬೇಸಗೆಯನ್ನು ಕಾಣದವರಿಗೆ ಅದನ್ನು ವರ್ಣಿಸಿ ತಿಳಿಸುವುದು ಕಷ್ಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣವು 40 ಡಿಗ್ರಿಯನ್ನು ದಾಟುವುದು ಅಲ್ಲಿ ಅಪರೂಪವಲ್ಲ. ಊರ ನಡುವೆ ನಿಂತಿರುವ ಕೋಟೆಯ ಗುಡ್ಡವೆಂದರೆ ಮರಗಿಡಗಳಿಲ್ಲದ ಬರಿಯ ಬಂಡೆ. ಹಗಲೆಲ್ಲ ಹೀರಿದ ಬಿಸಿಲನ್ನು ಅದು ರಾತ್ರಿಯಲ್ಲಿ ಮೆಲ್ಲಮೆಲ್ಲನೆ ಹೊರಚೆಲ್ಲುವುದು. ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಉಷ್ಣಮಾಪಕವನ್ನಿಟ್ಟು ನೋಡಿದೆವು. 42 ಡಿಗ್ರಿ ತೋರಿತು. ಬೆಳಗಿನ ಜಾವ ಕೆಲಸಮಾಡಿದರೆ ಯಂತ್ರವು ಕೆಲವೊಮ್ಮೆ ಪೂರ್ತಿ ಒಂದು ಗಂಟೆ ಉಳಿಯುತ್ತದೆಂದು ಹುಡುಗಿ ಒಂದು ಪುಸ್ತಕದಲ್ಲಿ ದಿನಾಂಕ, ವೇಳೆಗಳ ಸಮೇತ ಬರೆದಿಟ್ಟಿದ್ದಳು. ಈ ಬರಹವನ್ನು ಕಂಡು ನನಗೆ ಬಹಳ ಸಂತೋಷವಾಯಿತು. ರೋಗದ ಕಾಲವನ್ನು ಗುರುತಿಸಿಟ್ಟವನು ಅರ್ಧ ವೈದ್ಯ. ಯಂತ್ರವನ್ನು ಬೆಂಗಳೂರಿಗೆ ಒಯ್ದು ಒಮ್ಮೆ ತೋರಿಸಿದ ಮೇಲೆ ತೂಕದ ಮಾತು ಎತ್ತೋಣವೆಂದು ಭಾವನವರನ್ನು ಒಪ್ಪಿಸಿ, ನಾನೂ ಅವಳೂ ಹೊರಟೆವು.

ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರೈಲು ರಾತ್ರಿ ಬಳ್ಳಾರಿಗೆ ಬರುವುದು. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಟ್ಟು, ಕ್ಯಾಬಿನೆಟ್ಟನ್ನು ಎರಡು ಕೌದಿಗಳಲ್ಲಿ ಸುತ್ತಿ, ಕೂಸನ್ನು ಮಲಗಿಸಿದಂತೆ ಕೆಳಗಿನ ಆಸನದ ಅಡಿಯಲ್ಲಿ ಇಟ್ಟೆವು. ಭಾರವಾದ ಕಾರ್ಡು ತನ್ನ ಸಂದಿನಲ್ಲಿ ನೇತಾಡುತ್ತ ಪ್ರಯಾಣಮಾಡಿದರೆ ಮದರ್‌ಬೋರ್ಡಿಗೆ ಪೆಟ್ಟಾಗುವುದೆಂಬ ಎಚ್ಚರ ಅವಳಿಗಿತ್ತು. ಗುಂತಕಲ್ಲು, ಧರ್ಮವರಂ, ಹಿಂದೂಪುರಗಳು ನಿದ್ದೆಯಲ್ಲಿಯೇ ಕಳೆದುವು. ಯಲಹಂಕದ ಹತ್ತಿರ ಎಚ್ಚರವಾದಾಗ ಕಿಟಕಿಯಿಂದ ತಣ್ಣನೆಯ ಗಾಳಿ ಮುಖಕ್ಕೆ ತಗಲಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಬಳ್ಳಾರಿ ಅದರ ಅರ್ಧದಷ್ಟೆ ಎತ್ತರದಲ್ಲಿದೆ. ಈ ವ್ಯತ್ಯಾಸವು ನಮ್ಮ ಸುಖಕ್ಕಷ್ಟೇ ಅಲ್ಲ, ನಮ್ಮ ಯಂತ್ರದ ಪರೀಕ್ಷೆಗೂ ಸಂಬಂಧಪಟ್ಟದ್ದೆಂಬುದು ಮುಂದೆ ಗೊತ್ತಾಗುವುದು.

ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು, ಮೆಜೆಸ್ಟಿಕ್ಕಿನಿಂದ ಭೂಮಿಯೊಳಗಿನ ಮೆಟ್ರೋ ರೈಲಿನಲ್ಲಿ ಚಿಕ್ಕಪೇಟೆಯನ್ನು ದಾಟಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣಕ್ಕೆ ಬಂದೆವು. ಈ ಸುರಂಗಮಾರ್ಗವು 2017ರಲ್ಲಿ ತೆರೆದುದು. ಮೇಲೆ ಬಂದರೆ ಹೂವಿನ ರಾಶಿ, ಸೊಪ್ಪಿನ ವಾಸನೆ, ಕೂಲಿಗಳ ಕೂಗು. ಇನ್ನೂ ಏಳೂವರೆ. ನಾವು ಹೋಗತಕ್ಕ ಬೀದಿಯಲ್ಲಿ ಹತ್ತೂವರೆಯ ಮೊದಲು ಬಾಗಿಲು ತೆರೆಯುವ ಅಂಗಡಿಗಳು ಕಡಮೆ; ಭಾನುವಾರ ಹೋದರಂತೂ ಬಹುಮಟ್ಟಿಗೆ ಬೀಗಗಳ ದರ್ಶನವೇ. ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿ ಕಾಫಿಗಳನ್ನು ಮುಗಿಸಿ, ಕೌದಿಯ ಗಂಟನ್ನು ಸರದಿಯ ಮೇಲೆ ಹೊತ್ತುಕೊಂಡು ಪೇಟೆಯನ್ನು ಸುತ್ತಿದೆವು.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಈ ಪೇಟೆಯೇ. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಎಡೆಯಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲುಗಳನ್ನು ಹೂಡಿಸಿ ಬೀದಿಗಳ ಗೆರೆಯೆಳೆಸಿದರೆಂದು ಐತಿಹ್ಯ ಹೇಳುತ್ತದೆ. ಆ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಇಲ್ಲಿಯ ಬೀದಿಗಳ ಹೆಸರುಗಳನ್ನು ಓದುತ್ತ ಹೋದರೆ ಹಿಂದಿನ ಕಾಲದ ವೃತ್ತಿಗಳ ನಿಘಂಟನ್ನೇ ಓದಿದಂತಾಗುವುದು. ಅಕ್ಕಿಯ ವ್ಯಾಪಾರಕ್ಕೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಕುಂಬಾರರಿಗೆ ಕುಂಬಾರಪೇಟೆ, ಗಾಣಿಗರಿಗೆ ಗಾಣಿಗರಪೇಟೆ, ತಿಗಳರಿಗೆ ತಿಗಳರಪೇಟೆ. ಕರಗಕ್ಕೆ ಪ್ರಸಿದ್ಧವಾದ ಧರ್ಮರಾಯಸ್ವಾಮಿಯ ಗುಡಿ ಈ ತಿಗಳರಪೇಟೆಯಲ್ಲಿಯೇ ಇದೆ. ಒಂದು ಕಸುಬಿನವರು ಒಂದು ಬೀದಿಯಲ್ಲಿ ಕೂಡಿ ಕುಳಿತರೆ ಕೊಳ್ಳುವವನಿಗೆ ಹೋಲಿಸಿ ನೋಡುವ ಅನುಕೂಲ, ಮಾರುವವನಿಗೆ ನೆರೆಯವನಿಂದ ಸಾಮಾನು ತರಿಸಿಕೊಳ್ಳುವ ಅನುಕೂಲ. ಈ ಹಳೆಯ ಪದ್ಧತಿಯು ಅಳಿದುಹೋಯಿತೆಂದು ತಿಳಿದವರು ಎಸ್. ಪಿ. ರಸ್ತೆಗೆ ಬಂದು ನೋಡಬೇಕು. ಹೆಸರೊಂದನ್ನು ಬಿಟ್ಟರೆ ಅದು ಸಾಕ್ಷಾತ್ ಕಂಪ್ಯೂಟರ್ ಪೇಟೆ.

ಜನರ ಬಾಯಲ್ಲಿ ಎಸ್. ಪಿ. ರೋಡ್ ಎನಿಸಿಕೊಂಡಿರುವ ಈ ಸಾದರ ಪತ್ರಪ್ಪ ರಸ್ತೆಯು ಮಾರುಕಟ್ಟೆಯಿಂದಲೂ, 1935ರಲ್ಲಿ ಕಟ್ಟಿದ ಪುಟ್ಟಣ್ಣಚೆಟ್ಟಿ ಪುರಭವನದಿಂದಲೂ ಕಾಲ್ನಡಿಗೆಯ ದೂರದಲ್ಲಿದೆ. ಬೀದಿ ಇಕ್ಕಟ್ಟಾದುದು. ಎರಡು ಕಡೆಯೂ ಮಹಡಿಯ ಮೇಲೆ ಮಹಡಿ. ಒಂದೊಂದರಲ್ಲಿಯೂ ಗೂಡಿನಂತಹ ಹತ್ತಾರು ಅಂಗಡಿಗಳು. ಒಂದರಲ್ಲಿ ತಂತಿಗಳು ಮಾತ್ರ, ಒಂದರಲ್ಲಿ ಫ್ಯಾನುಗಳು ಮಾತ್ರ, ಒಂದರಲ್ಲಿ ಸಾಸಿವೆಕಾಳಿನಷ್ಟು ಸಣ್ಣ ಬಿಡಿಭಾಗಗಳನ್ನು ಡಬ್ಬಿಗಳಲ್ಲಿ ತುಂಬಿ ಎಣಿಸಿ ಕೊಡುವರು. ತಲೆಯ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತವರು ದಾರಿಬಿಡಿರೆಂದು ಕೂಗುತ್ತ ಓಡುವರು. ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ, ಮಾರವಾಡಿ ಮಾತುಗಳು ಒಂದೇ ವ್ಯವಹಾರದಲ್ಲಿ ಬೆರೆತುಹೋಗುವುವು. ಶಿವನಸಮುದ್ರದಿಂದ ಬಂದ ವಿದ್ಯುತ್ತು ಬೆಂಗಳೂರಿನಲ್ಲಿ ಮೊದಲು ದೀಪವನ್ನು ಬೆಳಗಿಸಿದುದು 1905ರಲ್ಲಿ. ನೂರಿಪ್ಪತ್ತು ವರ್ಷಗಳಲ್ಲಿ ಆ ವಿದ್ಯುತ್ತು ಯಾವ ಯಾವ ರೂಪಗಳನ್ನು ತಾಳಿತೆಂಬುದಕ್ಕೆ ಈ ಬೀದಿಯೇ ಒಂದು ವಸ್ತುಸಂಗ್ರಹಾಲಯ. ಇಲ್ಲಿ ಮುಟ್ಟಬೇಡಿರೆಂಬ ಹಲಗೆಯಿಲ್ಲ, ಅಷ್ಟೆ.

ಹುಡುಗಿಯ ಪರಿಚಿತರೊಬ್ಬರು ಹೇಳಿದ್ದ ರಿಪೇರಿ ಅಂಗಡಿಯು ಎರಡನೆಯ ಮಹಡಿಯಲ್ಲಿತ್ತು. ಅಂಗಡಿಯವರು ಐವತ್ತರ ಆಸುಪಾಸಿನವರು, ಮಿತಭಾಷಿಗಳು. ಕೌದಿ ಬಿಚ್ಚುತ್ತಿರುವಾಗಲೇ ಅವಳ ಪುಸ್ತಕವನ್ನು ಕೈಗೆ ತೆಗೆದುಕೊಂಡು ಎರಡು ಪುಟ ಓದಿದರು. ಅನಂತರ ಕೇಳಿದ ಮೊದಲ ಪ್ರಶ್ನೆ ಇದು: "ಆಫ್ ಆಗಿ ಹಾಗೇ ಇರುತ್ತೋ, ಆಫ್ ಆಗಿ ತಾನೇ ಆನ್ ಆಗುತ್ತೋ ತಾಯಿ?" ತಾನೇ ಆನ್ ಆಗುವುದೆಂದು ಅವಳು ಹೇಳಿದಳು. "ಅದು ಮುಖ್ಯ" ಎಂದು ಹೇಳಿ ಅವರು ಮುಚ್ಚಳವನ್ನು ತೆಗೆದರು.

ಆ ಪ್ರಶ್ನೆಯ ಮರ್ಮವನ್ನು ಅವರೇ ಆಮೇಲೆ ವಿವರಿಸಿದರು. ಪ್ರೊಸೆಸರ್ ಎಂಬುದು ಯಂತ್ರದ ಮೆದುಳು; ಕೆಲಸ ಹೆಚ್ಚಿದಷ್ಟೂ ಅದು ಕಾಯುವುದು. ಇಂದಿನ ಬಹುಪಾಲು ಪ್ರೊಸೆಸರುಗಳಿಗೆ 95ರಿಂದ 100 ಡಿಗ್ರಿಯವರೆಗೆ ಒಂದು ಮೇರೆಯನ್ನು ಇಟ್ಟಿರುತ್ತಾರೆ. ಆ ಮೇರೆಯನ್ನು ಮುಟ್ಟಿದರೆ ಅದು ತಾನಾಗಿ ತನ್ನ ವೇಗವನ್ನು ತಗ್ಗಿಸಿಕೊಂಡು ಕಾವನ್ನು ತಡೆಯಲು ನೋಡುವುದು. ಅಷ್ಟರಿಂದಲೂ ತಡೆಯದೆ ಇನ್ನೂ ಏರಿದರೆ ಯಂತ್ರವನ್ನು ಪೂರ್ತಿ ಆರಿಸಿಬಿಡುವುದು. ಪ್ರೊಸೆಸರಿನ ಕಾವಿನ ಸಾಮಾನ್ಯ ಲಕ್ಷಣ ಮೊದಲು ಮಂದಗತಿ, ಆಮೇಲೆ ಆರುವಿಕೆ. ಥಟ್ಟನೆ ಆರಿ ಥಟ್ಟನೆ ಹೊತ್ತಿಕೊಳ್ಳುವುದಾದರೆ, ವಿದ್ಯುತ್ತನ್ನು ಹದಮಾಡಿ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನೂ, ನೆನಪಿನ ಪಟ್ಟಿಗಳಾದ ರ‍್ಯಾಮುಗಳನ್ನೂ ಶಂಕಿಸಬೇಕು. ಇದಲ್ಲದೆ, ತಂತ್ರಾಂಶದಲ್ಲಿ ದೋಷ ಬಂದಾಗ ತಾನೇ ಪುನಃ ಪ್ರಾರಂಭವಾಗುವ ಏರ್ಪಾಡು ವಿಂಡೋಸಿನಲ್ಲಿ ಇರುವುದು. ಅದನ್ನು ನಿಲ್ಲಿಸಿದರೆ ದೋಷದ ಹೆಸರುಳ್ಳ ನೀಲಿ ಪರದೆ ಕಣ್ಣಿಗೆ ಬೀಳುವುದು. ಹುಡುಗಿ ಆ ಏರ್ಪಾಡನ್ನು ಮೊದಲೇ ನಿಲ್ಲಿಸಿದ್ದಳು. ಆದರೂ ನೀಲಿ ಪರದೆ ಬಂದಿರಲಿಲ್ಲ. ರ‍್ಯಾಮುಗಳನ್ನು ಒಂದು ರಾತ್ರಿಯಿಡೀ ಪರೀಕ್ಷಿಸಿದ್ದಳು, ತಪ್ಪು ಸಿಕ್ಕಿರಲಿಲ್ಲ. ಮನೆಯ ಯುಪಿಎಸ್ಸನ್ನು ಬದಲಾಯಿಸಿಯೂ ನೋಡಿದ್ದಳು.

ಪರೀಕ್ಷೆ ಪ್ರಾರಂಭವಾಯಿತು. ಪ್ರೊಸೆಸರಿಗೆ ಪೂರ್ಣ ಭಾರವನ್ನು ಹೊರಿಸುವ ಒಂದು ಕಾರ್ಯಕ್ರಮವನ್ನು ಓಡಿಸಿದರು. ಅಂಗಡಿಯೊಳಗೆ 26 ಡಿಗ್ರಿ, ಹಿತವಾದ ತಂಪು. ಮೂರೇ ನಿಮಿಷಗಳಲ್ಲಿ ಪರದೆಯ ಮೇಲಿನ ಅಂಕೆ 98ಕ್ಕೆ ಏರಿತು. ವೇಗ ಕುಗ್ಗಿತು. ರೋಗ ಸಿಕ್ಕಿತೆಂದೇ ನಾವಿಬ್ಬರೂ ಭಾವಿಸಿದೆವು. ಅವರು ಮಾತ್ರ ಗಡಿಯಾರವನ್ನು ನೋಡುತ್ತ ಕುಳಿತರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧಗಂಟೆಯಾಯಿತು. ಯಂತ್ರವು ಕುಂಟುತ್ತ ನಡೆಯಿತೇ ವಿನಾ ಪುನಃ ಪ್ರಾರಂಭವಾಗಲಿಲ್ಲ.

ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ದೃಷ್ಟಾಂತ ನೆನಪಾಗಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದು ದಿಟ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಬೆಂಕಿಯ ಜೊತೆಗೆ ಹಸಿಯ ಕಟ್ಟಿಗೆಯೂ ಬೇಕು. ನಮ್ಮ ಯಂತ್ರದಲ್ಲಿಯೂ ಹಾಗೆಯೇ ಆಗಿತ್ತು. ಪ್ರೊಸೆಸರಿನ ಕಾವು ಕಣ್ಣೆದುರಿಗೇ ಇತ್ತು. ಪುನಃಪ್ರಾರಂಭವೆಂಬ ಕಾರ್ಯ ಮಾತ್ರ ಇರಲಿಲ್ಲ. ಹಸಿಯ ಕಟ್ಟಿಗೆ ಬೇರೆಲ್ಲಿಯೋ ಅಡಗಿತ್ತು.

ಕಂಡ ದೋಷವನ್ನು ಮೊದಲು ತೆಗೆಯೋಣವೆಂದು ಅವರು ಪ್ರೊಸೆಸರಿನ ಮೇಲಿನ ಫ್ಯಾನನ್ನೂ ಅದರಡಿಯ ಲೋಹದ ತಂಪುಕವನ್ನೂ ಪರೀಕ್ಷಿಸಿದರು. ಈ ತಂಪುಕವು ನಾಲ್ಕು ಪ್ಲಾಸ್ಟಿಕ್ ಕಾಲುಗಳಿಂದ ಮದರ್‌ಬೋರ್ಡಿಗೆ ಕಚ್ಚಿಕೊಂಡಿರುವುದು. ಅವುಗಳಲ್ಲಿ ಒಂದು ಪೂರ್ತಿ ಕೂತಿರಲಿಲ್ಲ. ಅದರಿಂದಾಗಿ ಲೋಹವು ಪ್ರೊಸೆಸರಿನ ಮೇಲೆ ಒಂದು ಕಡೆ ಕೂದಲೆಳೆಯಷ್ಟು ಎತ್ತಿಕೊಂಡಿತ್ತು. ಹುಡುಗಿ ಬಗ್ಗಿ ನೋಡಿದಳು; ಅವಳ ಮುಖ ಸಣ್ಣದಾಯಿತು. "ಮಾಮಾ, ಆ ಕಾಲು ಒತ್ತಿದಾಗ ಟಕ್ ಅಂತ ಶಬ್ದ ಬಂದಿರಲಿಲ್ಲ. ನನಗೆ ನೆನಪದ. ಕೂತಿರಬಹುದು ಅಂತ ಬಿಟ್ಟೆ" ಎಂದಳು. ಅಂಗಡಿಯವರು ತಲೆಯೆತ್ತದೆ, "ಕಂಪೆನಿಯಲ್ಲಿ ಕಟ್ಟಿದ್ದರಲ್ಲೂ ನೋಡಿದ್ದೀನಿ ತಾಯಿ. ಒಪ್ಪಿಕೊಂಡಿರಲ್ಲ, ಇನ್ನು ಮೇಲೆ ಬಿಡೋದಿಲ್ಲ" ಎಂದರು.

ತಂಪುಕವನ್ನು ಬಿಚ್ಚಿ, ಎರಡು ಮೈಗಳ ಮೇಲೂ ಒಣಗಿ ಹೆಪ್ಪಳಿಕೆಯಾಗಿದ್ದ ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಈ ಪೇಸ್ಟಿನ ಕೆಲಸ ಅಂಟಿಸುವುದಲ್ಲ. ಎಷ್ಟೇ ನುಣುಪಾದ ಲೋಹದಲ್ಲಿಯೂ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳಿರುವುವು. ಆ ತಗ್ಗುಗಳಲ್ಲಿ ಗಾಳಿ ನಿಂತರೆ ಕಾವು ದಾಟದು. ಗಾಳಿಯ ಸ್ಥಾನವನ್ನು ತುಂಬುವುದೇ ಪೇಸ್ಟಿನ ಉಪಯೋಗ. ಬಟಾಣಿಕಾಳಿಗಿಂತ ತುಸು ಕಡಮೆಯಷ್ಟನ್ನು ನಡುವೆ ಇಟ್ಟು, ನಾಲ್ಕು ಕಾಲುಗಳನ್ನೂ ಮೂಲೆಯಿಂದ ಎದುರು ಮೂಲೆಗೆ ಎಂಬ ಕ್ರಮದಲ್ಲಿ ಒತ್ತಿದರು. ನಾಲ್ಕು ಸಲ ಟಕ್ಕೆಂದಿತು. ಪುನಃ ಅದೇ ಪರೀಕ್ಷೆ. ಈ ಸಲ ಅಂಕೆಯು 72ರಲ್ಲಿ ನಿಂತಿತು.

ಹಾಗಾದರೆ ಕೆಲಸವಾಯಿತೆಂದು ನಾನು ಎದ್ದೆನು. "ಕೂತ್ಕೊಳ್ಳಿ ಮೇಷ್ಟ್ರೇ. ನಾನು ಸರಿ ಮಾಡಿದ್ದು ನನಗೆ ಕಂಡ ರೋಗ, ನೀವು ತಂದ ರೋಗ ಇನ್ನೂ ನೋಡೇ ಇಲ್ಲ" ಎಂದರು. ಶಾಸ್ತ್ರವನ್ನು ಓದದ ಈ ನೈಯಾಯಿಕರಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆನು.

ತಂಪಾದ ಊರಿನಲ್ಲಿ ಬಿಸಿಲೂರಿನ ರೋಗ ಕಾಣದು. ಬೆಂಗಳೂರಿನ ಗಾಳಿಯೇ ಔಷಧವಾಗಿ ರೋಗವನ್ನು ಮರೆಮಾಡಿತ್ತು. ಆದಕಾರಣ ಅವರು ಅಂಗಡಿಯಲ್ಲಿಯೇ ಒಂದು ಬಳ್ಳಾರಿಯನ್ನು ನಿರ್ಮಿಸಿದರು. ಗ್ರಾಫಿಕ್ಸ್ ಕಾರ್ಡನ್ನು ತೊಡಿಸಿ, ಮುಚ್ಚಳ ಹಾಕಿ, ಗಾಳಿ ಒಳಬರುವ ಮುಂದಿನ ಜಾಲರಿಗೆ ಮುಕ್ಕಾಲು ಭಾಗ ರಟ್ಟನ್ನು ಅಡ್ಡವಿಟ್ಟು, ಪ್ರೊಸೆಸರಿಗೂ ಕಾರ್ಡಿಗೂ ಏಕಕಾಲದಲ್ಲಿ ಭಾರ ಹೊರಿಸಿದರು. ಎಸ್‌ಎಂಪಿಎಸ್ಸಿನಿಂದ ಹೊರಬರುವ ತಂತಿಗೆ ಮಲ್ಟಿಮೀಟರನ್ನು ಹಚ್ಚಿ ಹುಡುಗಿಗೆ ಓದುವ ಕೆಲಸ ಕೊಟ್ಟರು. ಆ ತಂತಿಯಲ್ಲಿ 12 ವೋಲ್ಟು ಇರಬೇಕು. ನೂರಕ್ಕೆ ಐದರಷ್ಟು ಹೆಚ್ಚುಕಡಮೆ ಸಲ್ಲುವುದು, ಎಂದರೆ 11.4ಕ್ಕಿಂತ ಕೆಳಗಿಳಿಯಬಾರದು. ಮೊದಲು 12.0 ಇತ್ತು. ಹದಿನೈದು ನಿಮಿಷಕ್ಕೆ 11.7 ಆಯಿತು. ಇಪ್ಪತ್ತನೆಯ ನಿಮಿಷದಲ್ಲಿ 11.5. ಅವಳು "ಹನ್ನೊಂದು ಪಾಯಿಂಟ್ ಮೂರು" ಎಂದು ಓದುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಮರುಕ್ಷಣ ಯಂತ್ರವು ಹೊಸದಾಗಿ ಪ್ರಾರಂಭವಾಯಿತು. ಎರಡು ತಿಂಗಳು ಅವಳನ್ನು ಅಳಿಸಿದ ಆ ದೃಶ್ಯವನ್ನು ಕಂಡು ಅವಳು ಮೊದಲ ಸಲ ನಕ್ಕಳು.

ಎಸ್‌ಎಂಪಿಎಸ್ಸಿನ ಹಿಂಬದಿಗೆ ತೆಳುವಾದ ಕಾಗದದ ಚೂರನ್ನು ಹಿಡಿದು ನೋಡಿದರೆ ಅದು ಅಲುಗಲಿಲ್ಲ. ಒಳಗಿನ ಫ್ಯಾನು ಎಂದೋ ನಿಂತುಹೋಗಿತ್ತು. ಕೆಳಗಿನ ತಂಪಾದ ಕೋಣೆಯಲ್ಲಿ ಅದು ಹೇಗೋ ನಿಭಾಯಿಸುತ್ತಿತ್ತು. ತಗಡಿನ ಕೋಣೆಯ 42 ಡಿಗ್ರಿಯಲ್ಲಿ ಪೆಟ್ಟಿಗೆಯೇ ಕಾದು, ವೋಲ್ಟೇಜನ್ನು ಹಿಡಿದಿಡಲಾರದೆ ಹೋಗುತ್ತಿತ್ತು. ವಿದ್ಯುತ್ತು ಸರಿಯಾಗಿದೆಯೆಂದು ಎಸ್‌ಎಂಪಿಎಸ್ಸು ಮದರ್‌ಬೋರ್ಡಿಗೆ ಸದಾ ಒಂದು ಸಂಜ್ಞೆಯನ್ನು ಕಳುಹಿಸುತ್ತಿರುವುದು. ಆ ಸಂಜ್ಞೆ ಒಂದು ಕ್ಷಣ ತಪ್ಪಿದರೂ ಮದರ್‌ಬೋರ್ಡು ಎಲ್ಲವನ್ನೂ ನಿಲ್ಲಿಸಿ, ಸಂಜ್ಞೆ ಮರಳಿದೊಡನೆ ಮೊದಲಿನಿಂದ ಪ್ರಾರಂಭಿಸುವುದು. ಇದೇ ನಮ್ಮ ಹಸಿಯ ಕಟ್ಟಿಗೆ.

ಅವರು ಇಷ್ಟಕ್ಕೂ ತೃಪ್ತರಾಗಲಿಲ್ಲ. ಅಂಗಡಿಯ ಇನ್ನೊಂದು ಎಸ್‌ಎಂಪಿಎಸ್ಸನ್ನು ತೊಡಿಸಿ, ರಟ್ಟನ್ನು ಹಾಗೆಯೇ ಇಟ್ಟು, ಅದೇ ಭಾರವನ್ನು ಒಂದು ಗಂಟೆ ಹೊರಿಸಿದರು. ವೋಲ್ಟೇಜು 11.9ರಿಂದ ಕದಲಲಿಲ್ಲ, ಯಂತ್ರವೂ ಕದಲಲಿಲ್ಲ. ಹಳೆಯದನ್ನು ಮರಳಿ ತೊಡಿಸಿದರು. ಇಪ್ಪತ್ತೆರಡನೆಯ ನಿಮಿಷಕ್ಕೆ ಪುನಃ ಕಪ್ಪು ಪರದೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ, ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡನ್ನೂ ತೋರಿಸಿದ ಮೇಲೆಯೇ ಅವರು ಹೊಸ ಪೆಟ್ಟಿಗೆಯ ಬೆಲೆ ಹೇಳಿದುದು: 3,800 ರೂಪಾಯಿ. ಪೇಸ್ಟಿಗೂ ಕೂಲಿಗೂ ಸೇರಿ 700. ಮದರ್‌ಬೋರ್ಡಿಗೆ ಯಾವ ದೋಷವೂ ಇರಲಿಲ್ಲ.

ಹುಡುಗಿ ಮೆಟ್ಟಿಲ ಮೇಲೆ ನಿಂತು ತಂದೆಗೆ ಫೋನು ಮಾಡಿದಳು. "ಅಪ್ಪಾ, ಎರಡು ತಪ್ಪು ಇದ್ದವು. ಒಂದು ನಂದು, ಒಂದು ಎಸ್‌ಎಂಪಿಎಸ್‌ದು. ನಿಂತಿದ್ದು ಅದರ ತಪ್ಪಿನಿಂದ. ಆದರ ನಂದೂ ಇತ್ತು" ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಭಾವನವರು ಕೇಳಿದುದು ಇಷ್ಟೆ: "ಊಟ ಆತೇನವ್ವ? ಮಾಮಾಗ ಫೋನ್ ಕೊಡು." ನನಗೆ ಫೋನು ಬಂದಾಗ, ಕೆಳಗಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಒಂದು ಮೇಜನ್ನು ತೆರವು ಮಾಡಿಸುತ್ತೇನೆಂದು ಹೇಳಿದರು. ತೂಕದ ಮಾತು ಬರಲಿಲ್ಲ.

ಈ ವಿಷಯದಲ್ಲಿ ಗೃಹಸ್ಥರು ತಾವಾಗಿಯೇ ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ. ಯಂತ್ರವು ಕಾಯುವುದೆಂಬ ಶಂಕೆ ಬಂದರೆ ಮೊದಲು ಅದರ ಸ್ಥಳವನ್ನು ನೋಡಬೇಕು. ಫ್ಯಾನು ಎಷ್ಟೇ ತಿರುಗಿದರೂ ಯಂತ್ರವನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 26 ಡಿಗ್ರಿಯ ಕೋಣೆಯಲ್ಲಿ 72 ತೋರುವ ಪ್ರೊಸೆಸರು 42 ಡಿಗ್ರಿಯ ಕೋಣೆಯಲ್ಲಿ ಸುಮಾರು 88ನ್ನು ತೋರುವುದು. ಕೋಣೆಗೂ ಯಂತ್ರಕ್ಕೂ ಇರುವ ಅಂತರ ಹೆಚ್ಚುಕಡಮೆ ಹಾಗೆಯೇ ಉಳಿಯುವುದು. ಗೋಡೆಗೆ ಒತ್ತಿ, ಮೇಜಿನ ಗೂಡಿನೊಳಗೆ ತುರುಕಿ ಇಡುವುದು ಸರಿಯಲ್ಲ. ಹಿಂದೆ ಒಂದು ಗೇಣಾದರೂ ತೆರವಿರಬೇಕು. ಯಂತ್ರವನ್ನು ಹೊತ್ತಿಸಿದೊಡನೆ ಬಯೋಸ್ ಪರದೆಗೆ ಹೋದರೆ ಅಲ್ಲಿ ಪ್ರೊಸೆಸರಿನ ಉಷ್ಣವೂ ಫ್ಯಾನಿನ ವೇಗವೂ ಕಾಣುವುವು. ವೇಗದ ಎಡೆಯಲ್ಲಿ ಸೊನ್ನೆಯಿದ್ದರೆ ಹೆಚ್ಚಿನ ಪಾಂಡಿತ್ಯ ಬೇಕಿಲ್ಲ. ಫ್ಯಾನಿನ ತಂತಿ ಕಳಚಿದೆ, ಇಲ್ಲವೆ ಫ್ಯಾನು ಕೆಟ್ಟಿದೆ.

ಧೂಳು ಮನೆಮನೆಯ ಶತ್ರು. ಆರು ತಿಂಗಳಿಗೊಮ್ಮೆ ಯಂತ್ರವನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಫ್ಯಾನುಗಳು ಗಾಳಿಯನ್ನು ಮುಂದಿನಿಂದ ಸೆಳೆದು ಹಿಂದಿನಿಂದ ಹೊರಹಾಕಬೇಕು. ಎರಡೂ ಒಳಗೆ ಸೆಳೆದರೆ ಬಿಸಿಗಾಳಿ ಒಳಗೇ ಸುತ್ತುವುದು. ಕ್ಯಾಬಿನೆಟ್ಟಿನ ಹೊರಗೆ ಒಂದು ಊದಿನಕಡ್ಡಿಯನ್ನು ಹಿಡಿದರೆ ಹೊಗೆಯು ಯಾವ ಕಡೆಗೆ ಬಾಗುವುದೆಂಬುದರಿಂದ ಗಾಳಿಯ ದಾರಿ ತಿಳಿಯುವುದು. ಹೊಸ ತಂಪುಕವನ್ನು ಕೂರಿಸುವವರು ಅದರಡಿಗೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಕಿತ್ತರೋ ಇಲ್ಲವೋ ಎಂದು ಎರಡು ಸಲ ನೋಡಿಕೊಳ್ಳಲಿ. ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುವುದು. ಅದು ಕೆಟ್ಟರೆ ಬದಲಾಯಿಸತಕ್ಕದ್ದು, ಅಷ್ಟೆ.

ಎಲ್ಲಕ್ಕಿಂತ ಮುಖ್ಯವಾದುದು ಒಂದು ಸಣ್ಣ ಪುಸ್ತಕ. ಯಾವ ದಿನ, ಯಾವ ವೇಳೆ, ಎಂತಹ ಕೆಲಸದಲ್ಲಿ, ಪ್ರಾರಂಭವಾದ ಎಷ್ಟು ನಿಮಿಷಕ್ಕೆ ಯಂತ್ರ ನಿಂತಿತು, ನಿಂತು ಹಾಗೆಯೇ ಇತ್ತೋ ತಾನೇ ಹೊತ್ತಿತೋ ಎಂಬುದನ್ನು ಬರೆದಿಟ್ಟರೆ ನೋಡುವವರ ಶ್ರಮ ಅರ್ಧಕ್ಕಿಳಿಯುವುದು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಬೇಕು. ಮೂರನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯದು. ಹಣವೂ ಮೂರರಷ್ಟು ಹೋಗುವುದು. ಮುಚ್ಚಳ ತೆಗೆಯುವ ಮೊದಲೇ ಬೆಲೆ ಹೇಳುವವರ ಹತ್ತಿರ ಯಂತ್ರವನ್ನು ಬಿಟ್ಟುಬರಕೂಡದು.

ಸಂಜೆ ನಾವು ಕೆಳಗಿಳಿದಾಗ ಬೀದಿಯಲ್ಲಿ ದೀಪಗಳು ಹತ್ತಿದ್ದುವು. ಕೌದಿಯ ಗಂಟನ್ನು ನಾನು ಹೊರುತ್ತೇನೆಂದರೂ ಹುಡುಗಿ ಕೊಡಲಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯೆದುರು ನಿಂತು ನಾನೊಂದು ಅಮರಕೋಶವನ್ನು ಕೊಂಡೆನು; ಅವಳು ವಿದ್ಯುಚ್ಛಾಸ್ತ್ರದ ಒಂದು ಹರಿದ ಪಠ್ಯಪುಸ್ತಕವನ್ನು ಆರಿಸಿಕೊಂಡಳು. ಬೆಂಗಳೂರಿಗೆ ಹೋಗುವ ಓದುಗರು ಲಾಲ್‌ಬಾಗನ್ನು ನೋಡಲಿ, ಬೇಡವೆನ್ನುವುದಿಲ್ಲ. ಒಂದು ಪೂರ್ವಾಹ್ನವನ್ನು ಉಳಿಸಿಕೊಂಡು, ಜೊತೆಗೆ ಮನೆಯ ಮಕ್ಕಳನ್ನು ಕರೆದುಕೊಂಡು, ಏನನ್ನೂ ಕೊಳ್ಳಬೇಕಾಗಿಲ್ಲದಿದ್ದರೂ ಸಾದರ ಪತ್ರಪ್ಪ ರಸ್ತೆಯ ಒಂದು ಮಹಡಿಯನ್ನಾದರೂ ಹತ್ತಿಬರಲಿ. ಭಾನುವಾರ ಮಾತ್ರ ಬೇಡ.